ಬಿಸಿಯೋ, ತಂಪೋ? ಕೀಮೋಥೆರಪಿಯ ಜೊತೆಗೆ ಬೆಳೆದ ಶುಶ್ರೂಷೆಯ ಕಥೆ

ಒಂದು ಪ್ರಶ್ನೆಯಿಂದ ಆರಂಭಿಸೋಣ. ಕ್ಯಾನ್ಸರ್ ರೋಗಿಯೊಬ್ಬರ ಕೈಗೆ ಡ್ರಿಪ್ ಹಾಕಲಾಗಿದೆ. ಸೂಜಿ ಅಭಿಧಮನಿಯಿಂದ ಕೊಂಚ ಜಾರಿ, ಔಷಧದ ಕೆಲವು ಹನಿ ಚರ್ಮದ ಕೆಳಗೆ ಸೋರಿದೆ. ಆ ಜಾಗ ಊದಿದೆ, ಉರಿಯುತ್ತಿದೆ. ನೀವು ಬಿಸಿ ಶಾಖ ಕೊಡುತ್ತೀರಾ, ಐಸ್ ಇಡುತ್ತೀರಾ?

2003ರಲ್ಲಿ ಈ ಪ್ರಶ್ನೆಗೆ ನಾನು ತಪ್ಪು ಉತ್ತರ ಕೊಟ್ಟೆ. ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಗಿ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿತ್ತು. ಕೈ ಉರಿಯುತ್ತಿದೆ ಎಂದು ಅವಳು ಹೇಳಿದ್ದೇ ತಡ, ನಾನು ಫ್ಲಾಸ್ಕಿನಲ್ಲಿದ್ದ ನೀರನ್ನು ರಬ್ಬರ್ ಚೀಲಕ್ಕೆ ತುಂಬಿಸಿ ಶಾಖ ಕೊಡಲು ಹೊರಟೆ. ನಮ್ಮ ಮನೆಯಲ್ಲಿ ಊತಕ್ಕೆ ಮಾಡುತ್ತಿದ್ದುದೇ ಅದು. ಓಡಿ ಬಂದ ದಾದಿ ಮೊದಲು ಡ್ರಿಪ್ ನಿಲ್ಲಿಸಿದಳು, ಆಮೇಲೆ ನನ್ನ ಕೈಯಿಂದ ಚೀಲವನ್ನು ಕಿತ್ತುಕೊಂಡಳು. "ಸರ್, ಇದು ಕೆಂಪು ಔಷಧ. ಇದಕ್ಕೆ ಐಸ್. ಬಿಸಿ ಇಟ್ಟರೆ ಹುಣ್ಣು ದೊಡ್ಡದಾಗುತ್ತದೆ" ಎಂದಳು. ಏಕೆ ಎಂದು ಕೇಳಿದೆ. "ಕೆಲವಕ್ಕೆ ಬಿಸಿ, ಕೆಲವಕ್ಕೆ ತಂಪು. ಪಟ್ಟಿ ಇದೆ" ಎಂದು ಔಷಧದ ಕಪಾಟಿನ ಬಾಗಿಲಿಗೆ ಅಂಟಿಸಿದ್ದ ಕೈಬರಹದ ಹಾಳೆಯನ್ನು ತೋರಿಸಿದಳು. ಆ ವರ್ಷ ನಾನು ಪದವಿ ತರಗತಿಗೆ ಉಷ್ಣಗತಿಶಾಸ್ತ್ರ ಪಾಠ ಮಾಡುತ್ತಿದ್ದೆ!

ಆ ಹಾಳೆಯ ಪ್ರತಿ ಸಾಲಿನ ಹಿಂದೆಯೂ ಒಂದು ಚರಿತ್ರೆ ಇದೆ. ಔಷಧ ಕಂಡುಹಿಡಿದವರ ಹೆಸರು ಪಠ್ಯಪುಸ್ತಕಗಳಲ್ಲಿ ಸಿಗುತ್ತದೆ. ಆ ಔಷಧವನ್ನು ಮನುಷ್ಯ ತಾಳಿಕೊಳ್ಳುವಂತೆ ಮಾಡಿದ ಕೆಲಸ ಹೆಚ್ಚಾಗಿ ಹೆಸರಿಲ್ಲದ್ದು.

ಮೈಸೂರಿನ ಹಳೆಯ ಪಾಠ

'ಕೀಮೋಥೆರಪಿ' ಎಂಬ ಪದವನ್ನು ಬಳಕೆಗೆ ತಂದವರು ಜರ್ಮನಿಯ ಪಾಲ್ ಎರ್ಲಿಕ್. ಅವರ ಮನಸ್ಸಿನಲ್ಲಿದ್ದುದು ಕ್ಯಾನ್ಸರ್ ಅಲ್ಲ, ಸೋಂಕು ರೋಗಗಳು. 1910ರಲ್ಲಿ ಬಂದ ಅವರ ಸಾಲ್ವರ್ಸಾನ್ ಸಿಫಿಲಿಸ್ ರೋಗದ ಮದ್ದು. ನಮ್ಮಲ್ಲಿಯೂ ಈ ಪದ ಮೊದಲು ಕ್ಷಯದ ಸಂದರ್ಭದಲ್ಲಿಯೇ ಕೇಳಿಬಂದಿತು. 1956ರಲ್ಲಿ ಮದರಾಸಿನಲ್ಲಿ ತೆರೆದ ಕ್ಷಯ ಸಂಶೋಧನ ಕೇಂದ್ರದ ಹೆಸರಿನಲ್ಲಿಯೇ ಕೀಮೋಥೆರಪಿ ಇತ್ತು.

ಕ್ಷಯಕ್ಕೆ ಔಷಧವೇ ಇಲ್ಲದ ಕಾಲದಲ್ಲಿ ಮೈಸೂರಿನಲ್ಲಿ ಆ ರೋಗಿಗಳ ಆರೈಕೆಗೆಂದು ಒಂದು ಆರೋಗ್ಯಧಾಮ ಆರಂಭವಾಯಿತು. ಕ್ಷಯಕ್ಕೆ ಬಲಿಯಾದ ರಾಜಕುಮಾರಿ, ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರನ್ನು ಅದಕ್ಕಿಟ್ಟರು. ಇಂದಿಗೂ ಮೈಸೂರಿಗರು ಅದನ್ನು ಪಿ.ಕೆ. ಸ್ಯಾನಿಟೋರಿಯಂ ಎನ್ನುತ್ತಾರೆ. ಸ್ಟ್ರೆಪ್ಟೋಮೈಸಿನ್ ಪತ್ತೆಯಾದುದು 1940ರ ದಶಕದಲ್ಲಿ. ಅದಕ್ಕೆ ಮೊದಲು ಇಂತಹ ಆರೋಗ್ಯಧಾಮಗಳಲ್ಲಿ ಇದ್ದುದು ಗಾಳಿ, ವಿಶ್ರಾಂತಿ, ಪೌಷ್ಟಿಕ ಆಹಾರ ಮತ್ತು ತಪ್ಪದೆ ಬರೆಯುವ ಉಷ್ಣತೆಯ ನಕ್ಷೆ. ಅಂದರೆ ಚಿಕಿತ್ಸೆಯೆಂದರೆ ಶುಶ್ರೂಷೆಯೇ. ನಗರದ ಮಿಷನ್ ಆಸ್ಪತ್ರೆ ಆರಂಭವಾದುದು 1906ರಲ್ಲಿ. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಕಾಲೇಜು 1930ರಲ್ಲಿ ಇಲ್ಲಿಗೆ ಬಂದ ಮೇಲೆ ಕೃಷ್ಣರಾಜೇಂದ್ರ ಆಸ್ಪತ್ರೆ ಅದರ ಬೋಧನಾಲಯವಾಯಿತು. ಥರ್ಮಾಮೀಟರ್ ಹಿಡಿದು ನಾಲ್ಕು ಗಂಟೆಗೊಮ್ಮೆ ಹಾಸಿಗೆಯಿಂದ ಹಾಸಿಗೆಗೆ ಹೋಗುವ ಶಿಸ್ತು ಇಂತಹ ಕಡೆಗಳಲ್ಲಿ ಬೇರೂರಿತು. ಕ್ಯಾನ್ಸರ್ ಔಷಧಗಳು ಬಂದಾಗ ಆ ಶಿಸ್ತೇ ಜೀವ ಉಳಿಸುವ ಸಾಧನವಾಯಿತು. ಅದು ಹೇಗೆಂದು ಮುಂದೆ ನೋಡೋಣ.

ವಿಷಾನಿಲದಿಂದ ಮದ್ದು

ಮೊದಲ ಮಹಾಯುದ್ಧದಲ್ಲಿ ಮಸ್ಟರ್ಡ್ ವಿಷಾನಿಲಕ್ಕೆ ತುತ್ತಾದವರ ರಕ್ತದಲ್ಲಿ ಬಿಳಿಕಣಗಳು ಕುಸಿದಿದ್ದನ್ನು 1919ರಲ್ಲಿಯೇ ವೈದ್ಯರು ದಾಖಲಿಸಿದ್ದರು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಗುಡ್‌ಮನ್ ಮತ್ತು ಗಿಲ್ಮನ್ ಅದರ ಸೋದರ ಸಂಯುಕ್ತವಾದ ನೈಟ್ರೋಜನ್ ಮಸ್ಟರ್ಡನ್ನು ದುಗ್ಧಗ್ರಂಥಿಯ ಕ್ಯಾನ್ಸರಿಗೆ ಪ್ರಯೋಗಿಸಿದರು. ಗಂತಿ ಕರಗಿತು. ಅಸ್ಥಿಮಜ್ಜೆಯೂ ಸೊರಗಿತು. ಯುದ್ಧದ ಗೋಪ್ಯತೆಯಿಂದಾಗಿ ಈ ಫಲಿತಾಂಶ ಹೊರಬಂದುದು 1946ರಲ್ಲಿ.

ಎರಡನೆಯ ದಾರಿ ಭಾರತದ ಮೂಲಕ ಹಾದುಹೋಗಿದೆ. ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ 1928ರಿಂದ ಮುಂಬಯಿಯಲ್ಲಿ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಸಿಸಿದರು. ಯೀಸ್ಟಿನಿಂದ ತಯಾರಾದ ಮಾರ್ಮೈಟ್ ಅವರನ್ನು ಗುಣಪಡಿಸುತ್ತದೆ ಎಂದು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಅಂಶವೇ ಮುಂದೆ ಫೋಲಿಕ್ ಆಮ್ಲ ಎನಿಸಿತು. ಆಂಧ್ರದ ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅದನ್ನು ಸಂಶ್ಲೇಷಿಸಿತು, ಆಮೇಲೆ ಅದಕ್ಕೆ ಎದುರಾಳಿಯಾದ ಅಮಿನಾಪ್ಟೆರಿನ್ ಎಂಬ ಸಂಯುಕ್ತವನ್ನೂ ತಯಾರಿಸಿತು. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಇದನ್ನು ರಕ್ತಕ್ಯಾನ್ಸರಿನ 16 ಮಕ್ಕಳಿಗೆ ಕೊಟ್ಟ ವರದಿ ಪ್ರಕಟವಾಯಿತು. 10 ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿತು. ಆದರೆ ಬಾಯಿತುಂಬ ಹುಣ್ಣು.

ಏಕೆ ಬಾಯಿಯಲ್ಲಿ? ಈ ಔಷಧಗಳಿಗೆ ಕ್ಯಾನ್ಸರ್ ಕೋಶದ ಗುರುತು ಗೊತ್ತಿಲ್ಲ. ಬೇಗ ಬೇಗ ವಿಭಜಿಸುವ ಕೋಶಗಳೆಲ್ಲ ಅವಕ್ಕೆ ಒಂದೇ. ಬಾಯಿ ಮತ್ತು ಕರುಳಿನ ಒಳಪೊರೆ, ಕೂದಲ ಬುಡ, ಅಸ್ಥಿಮಜ್ಜೆ ಇವೆಲ್ಲವೂ ಸದಾ ಹೊಸ ಕೋಶಗಳನ್ನು ಹುಟ್ಟಿಸುವ ಜಾಗಗಳು. ಬಾಯಿ ಹುಣ್ಣು, ಭೇದಿ, ಕೂದಲುದುರುವಿಕೆ, ಬಿಳಿಕಣಗಳ ಕುಸಿತ ಇವು ಒಂದೇ ಕಾರಣದ ನಾಲ್ಕು ಮುಖಗಳು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಮೂವತ್ತೆಂಟು ಡಿಗ್ರಿ

ಈ ನಾಲ್ಕರಲ್ಲಿ ಕೊಲ್ಲುವುದು ಕೊನೆಯದು. ಹಲವು ಔಷಧಗಳಲ್ಲಿ ಚಿಕಿತ್ಸೆಯ ನಂತರ 7ರಿಂದ 14 ದಿನಗಳ ನಡುವೆ ಬಿಳಿಕಣಗಳ ಸಂಖ್ಯೆ ತಳ ಮುಟ್ಟುತ್ತದೆ. 1966ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಜೆರಾಲ್ಡ್ ಬೋಡಿ ಮತ್ತು ಸಂಗಡಿಗರು ಇದಕ್ಕೆ ಅಂಕಿಗಳ ರೂಪ ಕೊಟ್ಟರು. ನ್ಯೂಟ್ರೋಫಿಲ್ ಎಂಬ ಬಿಳಿಕಣಗಳು ಘನ ಮಿಲಿಮೀಟರಿಗೆ 1000ಕ್ಕಿಂತ ಕೆಳಗಿಳಿದಾಗ ಸೋಂಕು ಏರತೊಡಗುತ್ತದೆ, 100ಕ್ಕಿಂತ ಕೆಳಗೆ ಅಪಾಯ ಅತ್ಯಧಿಕ. ಇಂತಹ ರೋಗಿಗೆ ಜ್ವರ ಬಂದರೆ ಯಾವ ಬ್ಯಾಕ್ಟೀರಿಯ ಎಂದು ಪರೀಕ್ಷಿಸಿ ತಿಳಿಯುವಷ್ಟರಲ್ಲಿ ಕಾಲ ಮೀರಿರುತ್ತದೆ. 1971ರಲ್ಲಿ ಬಾಲ್ಟಿಮೋರಿನ ವೈದ್ಯರು, ಕಾಯದೆ ತಕ್ಷಣ ಆಂಟಿಬಯಾಟಿಕ್ ಆರಂಭಿಸುವುದರ ಪ್ರಯೋಜನವನ್ನು ತೋರಿಸಿದರು.

ಅಂದಿನಿಂದ ಥರ್ಮಾಮೀಟರಿನ ಒಂದು ಗೀಟು ಇಡೀ ಶುಶ್ರೂಷೆಯ ಗಡಿರೇಖೆಯಾಯಿತು. 38 ಡಿಗ್ರಿ ಸೆಲ್ಸಿಯಸ್, ನಮ್ಮ ಮನೆಗಳ ಲೆಕ್ಕದಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್. ಕೀಮೋ ಪಡೆಯುತ್ತಿರುವವರಿಗೆ ಮನೆಯಲ್ಲಿ ಇಷ್ಟು ಜ್ವರ ಬಂದರೆ, ರಾತ್ರಿ ಎರಡು ಗಂಟೆಯಾದರೂ ಸರಿ, ಆಸ್ಪತ್ರೆಗೆ ಹೊರಡಬೇಕು. ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಾಗಲಿ ಎಂದು ಕಾಯುವಂತಿಲ್ಲ. ಮಾತ್ರೆ ಜ್ವರವನ್ನು ಇಳಿಸುತ್ತದೆ, ಸೋಂಕನ್ನಲ್ಲ. ಪಿರಿಯಾಪಟ್ಟಣದಿಂದಲೋ ಹೆಗ್ಗಡದೇವನಕೋಟೆಯಿಂದಲೋ ಬರುವ ರೋಗಿಗೆ ಇದರ ಅರ್ಥ ಏನು ಎಂದು ಯೋಚಿಸಿ. ನಮ್ಮ ಶಾಲೆಗಳಲ್ಲಿ ಸೆಲ್ಸಿಯಸ್ಸನ್ನು ಫ್ಯಾರನ್‌ಹೀಟಿಗೆ ಪರಿವರ್ತಿಸುವ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಭೌತವಿಜ್ಞಾನಿಗಳೂ ಇಲ್ಲಿ ಕೈಹಾಕಿದ್ದಾರೆ. ಸ್ಯಾಂಡಿಯಾ ಪ್ರಯೋಗಾಲಯದ ವಿಲ್ಲಿಸ್ ವಿಟ್‌ಫೀಲ್ಡ್ 1960ರ ದಶಕದ ಆರಂಭದಲ್ಲಿ, ಸೋಸಿದ ಗಾಳಿ ಪದರ ಪದರವಾಗಿ ಒಂದೇ ದಿಕ್ಕಿನಲ್ಲಿ ಹರಿಯುವ ಧೂಳುರಹಿತ ಕೋಣೆಯನ್ನು ರೂಪಿಸಿದರು. ಉದ್ದೇಶ ಸೂಕ್ಷ್ಮ ಯಂತ್ರಭಾಗಗಳ ತಯಾರಿಕೆ. ಆಮೇಲೆ ರಕ್ತಕ್ಯಾನ್ಸರ್ ರೋಗಿಗಳನ್ನೂ ಇಂತಹ ಕೋಣೆಗಳಲ್ಲಿ ಇರಿಸಿದರು. ಆದರೆ ರೋಗಿಯನ್ನು ಕಾಡುವ ಬ್ಯಾಕ್ಟೀರಿಯಗಳಲ್ಲಿ ಬಹುಪಾಲು ಅವನದೇ ಕರುಳು, ಚರ್ಮಗಳಿಂದ ಮತ್ತು ಆರೈಕೆ ಮಾಡುವವರ ಕೈಗಳಿಂದ ಬರುತ್ತವೆ ಎಂದು ಕ್ರಮೇಣ ತಿಳಿಯಿತು. ಸಾಮಾನ್ಯ ಕೀಮೋ ರೋಗಿಗೆ ಆ ದುಬಾರಿ ಗಾಳಿಕೋಣೆ ಬೇಕಿಲ್ಲ, ಸೋಪು ಬೇಕು. ಅಕ್ಕನ ವಾರ್ಡಿನಲ್ಲಿ ದಾದಿಯರು ಹೆಚ್ಚು ಜಗಳವಾಡುತ್ತಿದ್ದುದು ಇದಕ್ಕಾಗಿಯೇ. ನಾವು ಮೈಸೂರಿನವರು ರೋಗಿಯನ್ನು ನೋಡಲು ಹೋಗುವುದೆಂದರೆ ಮದುವೆಗೆ ಹೋದ ಹಾಗೆ ಹತ್ತು ಜನ, ಮಕ್ಕಳು ಬೇರೆ!

1991ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಫಿಲ್ಗ್ರಾಸ್ಟಿಮ್ ಎಂಬ ಚುಚ್ಚುಮದ್ದು ಅಸ್ಥಿಮಜ್ಜೆಯನ್ನು ಪ್ರಚೋದಿಸಿ ಈ ತಗ್ಗಿನ ದಿನಗಳನ್ನು ಕಡಿಮೆ ಮಾಡಿತು. ಥರ್ಮಾಮೀಟರಿನ ಕೆಲಸ ಮಾತ್ರ ತಪ್ಪಲಿಲ್ಲ.

ಭೌತವಿಜ್ಞಾನಿಯ ಔಷಧ, ದಾದಿಯ ಜಾಡಿ

ಅಮೆರಿಕದ ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದ ಬಾರ್ನೆಟ್ ರೋಸೆನ್‌ಬರ್ಗ್ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ವಿಭಜಿಸುತ್ತಿರುವ ಕೋಶದೊಳಗಿನ ಎಳೆಗಳ ಚಿತ್ರ ನೋಡಿದಾಗ ಅವರಿಗೆ ನೆನಪಾದುದು ದಂಡಕಾಂತದ ಸುತ್ತ ಕಬ್ಬಿಣದ ಪುಡಿ ಉದುರಿಸಿದಾಗ ಮೂಡುವ ವಿನ್ಯಾಸ. ನಾವೆಲ್ಲ ಪ್ರೌಢಶಾಲೆಯಲ್ಲಿ ಮಾಡಿ ಮರೆತ ಪ್ರಯೋಗ! ಹಾಗಾದರೆ ವಿದ್ಯುತ್‌ಕ್ಷೇತ್ರ ಕೋಶವಿಭಜನೆಯ ಮೇಲೆ ಪರಿಣಾಮ ಬೀರಬಹುದೆ? ಬ್ಯಾಕ್ಟೀರಿಯಗಳಿದ್ದ ದ್ರಾವಣದಲ್ಲಿ ಪ್ಲಾಟಿನಂ ವಿದ್ಯುದಗ್ರಗಳನ್ನು ಇಳಿಸಿ ವಿದ್ಯುತ್ ಹರಿಸಿದರು. ಬ್ಯಾಕ್ಟೀರಿಯಗಳು ವಿಭಜಿಸುವುದನ್ನು ಬಿಟ್ಟು ಸಹಜ ಉದ್ದದ 300 ಪಟ್ಟಿನವರೆಗೂ ದಾರದಂತೆ ಬೆಳೆದವು. ಇದಕ್ಕೆ ಕಾರಣ ವಿದ್ಯುತ್‌ಕ್ಷೇತ್ರ ಅಲ್ಲ, ವಿದ್ಯುದಗ್ರದಿಂದ ಕರಗಿಬಂದ ಪ್ಲಾಟಿನಂ ಸಂಯುಕ್ತ ಎಂದು ಪತ್ತೆಹಚ್ಚಲು ಬಹಳ ದುಡಿಯಬೇಕಾಯಿತು. 1965ರಲ್ಲಿ ಪ್ರಬಂಧ ಹೊರಬಂದಿತು. ಆ ಸಂಯುಕ್ತವೇ ಸಿಸ್‌ಪ್ಲಾಟಿನ್. ತಪ್ಪು ಊಹೆಯಿಂದ ಹೊರಟು ಸರಿಯಾದ ಜಾಗಕ್ಕೆ ಬಂದು ಮುಟ್ಟಿದ ಈ ಕಥೆಯನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ.

ಹೇಳಲು ಮರೆಯುತ್ತಿದ್ದುದು ಮುಂದಿನ ಭಾಗ. 1970ರ ದಶಕದ ಆರಂಭದಲ್ಲಿ ರೋಗಿಗಳಿಗೆ ಕೊಟ್ಟಾಗ ಸಿಸ್‌ಪ್ಲಾಟಿನ್ ಮೂತ್ರಪಿಂಡಗಳನ್ನು ಹಾಳುಮಾಡಿತು. ಔಷಧವನ್ನೇ ಕೈಬಿಡಬೇಕಾದ ಪರಿಸ್ಥಿತಿ. ಅದನ್ನು ಉಳಿಸಿದುದು ನೀರು. ಔಷಧದ ಹಿಂದೆ ಮುಂದೆ ಲೀಟರುಗಟ್ಟಲೆ ಸಲೈನ್ ಹರಿಸಿ, ಮ್ಯಾನಿಟಾಲ್ ಕೊಟ್ಟು ಮೂತ್ರ ಧಾರಾಳವಾಗಿ ಹೋಗುವಂತೆ ಮಾಡಿದರೆ ಮೂತ್ರಪಿಂಡ ತಾಳಿಕೊಳ್ಳುತ್ತದೆ ಎಂದು ನ್ಯೂಯಾರ್ಕಿನ ವೈದ್ಯರು 1977ರಲ್ಲಿ ತೋರಿಸಿದರು. 1978ರಲ್ಲಿ ಅಮೆರಿಕದಲ್ಲಿ ಔಷಧಕ್ಕೆ ಅನುಮತಿ ದೊರೆಯಿತು. ಆದರೆ ದೇಹದೊಳಗೆ ಹೋದ ದ್ರವ ಎಷ್ಟು, ಹೊರಬಂದುದು ಎಷ್ಟು ಎಂದು ಅಳೆಯುವವರು ಯಾರು? ಗೀಟು ಹಾಕಿದ ಜಾಡಿ, ಗಡಿಯಾರ ಮತ್ತು ಒಂದು ಹಾಳೆ. ಗಂಟೆಗೊಮ್ಮೆ ಬರೆಯಬೇಕು. ಹೊರಬರುವುದು ಕಡಿಮೆಯಾದರೆ ವೈದ್ಯರನ್ನು ಎಬ್ಬಿಸಬೇಕು. ವೃಷಣದ ಕ್ಯಾನ್ಸರಾದ ಯುವಕರು ಇಂದು ಬಹುಪಾಲು ಗುಣವಾಗಿ ಮನೆಗೆ ಹೋಗುವುದರಲ್ಲಿ ರೋಸೆನ್‌ಬರ್ಗರ ಪಾಲು ಇರುವಂತೆ ಆ ಜಾಡಿಯ ಪಾಲೂ ಇದೆ.

ಸಿಸ್‌ಪ್ಲಾಟಿನ್‌ನ ಇನ್ನೊಂದು ಉಪದ್ರವ ವಾಂತಿ. ಒಂದೇ ದಿನ ಹತ್ತಾರು ಸಲ. ಚಿಕಿತ್ಸೆಗಿಂತ ಸಾವೇ ಮೇಲು ಎಂದು ಅರ್ಧಕ್ಕೆ ಬಿಟ್ಟುಹೋದವರಿದ್ದರು. 1981ರಲ್ಲಿ ಹೆಚ್ಚಿನ ಪ್ರಮಾಣದ ಮೆಟೋಕ್ಲೋಪ್ರಮೈಡ್ ಪರಿಣಾಮಕಾರಿ ಎಂದು ತಿಳಿಯಿತು. ಕರುಳಿನ ಗೋಡೆಯ ಕೋಶಗಳು ಹೊರಬಿಡುವ ಸೆರಟೋನಿನ್ ನರಗಳ ಮೂಲಕ ಮೆದುಳಿಗೆ ವಾಂತಿಯ ಸಂದೇಶ ಕಳಿಸುತ್ತದೆ ಎಂಬುದು ಸ್ಪಷ್ಟವಾದ ಮೇಲೆ, ಅದನ್ನು ತಡೆಯುವ ಆನ್‌ಡಾನ್ಸೆಟ್ರಾನ್ 1991ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ನಮ್ಮ 1970ರ ಪೇಟೆಂಟ್ ಕಾಯಿದೆ ಔಷಧಗಳಿಗೆ ಅಂದು ತಯಾರಿಕಾ ವಿಧಾನದ ಪೇಟೆಂಟ್ ಮಾತ್ರ ಕೊಡುತ್ತಿದ್ದುದರಿಂದ ಭಾರತೀಯ ಕಂಪನಿಗಳು ಅದನ್ನು ಇಲ್ಲಿಯೇ ತಯಾರಿಸಿದವು. 2003ರಲ್ಲಿ ಅಪ್ರೆಪಿಟಂಟ್ ಬಂದಿತು. ಈ ಔಷಧಗಳ ಗುಟ್ಟು ಇರುವುದು ಸಮಯಪಾಲನೆಯಲ್ಲಿ. ವಾಂತಿ ಆರಂಭವಾಗುವ ಮೊದಲೇ ಕೊಡಬೇಕು. ಒಮ್ಮೆ ತೀವ್ರವಾಗಿ ವಾಂತಿಯಾದ ರೋಗಿಗೆ ಮುಂದಿನ ಬಾರಿ ಆಸ್ಪತ್ರೆಯ ವಾಸನೆ ಬಂದರೆ ಸಾಕು, ಹೊಟ್ಟೆ ತೊಳಸುತ್ತದೆ. ಪಾವ್ಲೋವ್ ನಾಯಿಗೆ ಗಂಟೆ, ಇವರಿಗೆ ಸ್ಪಿರಿಟ್. ಅಕ್ಕನಿಗೆ ಆಟೋ ಆಸ್ಪತ್ರೆಯ ರಸ್ತೆಗೆ ತಿರುಗುತ್ತಿದ್ದಂತೆಯೇ ಓಕರಿಕೆ ಶುರುವಾಗುತ್ತಿತ್ತು. ಒಗ್ಗರಣೆಯ ವಾಸನೆ ದೂರವಿಡಿ, ಬಿಸಿ ಅಡುಗೆಗಿಂತ ಆರಿದ್ದು ಕೊಡಿ, ಎರಡು ಗಂಟೆಗೊಮ್ಮೆ ರಾಗಿ ಗಂಜಿಯೋ ಮೊಸರನ್ನವೋ ನಾಲ್ಕು ಚಮಚ ಸಾಕು ಎಂದು ಹೇಳಿಕೊಟ್ಟವಳು ಅದೇ ದಾದಿ.

ಮತ್ತೆ ಆ ಪಟ್ಟಿಗೆ

ಕೆಂಪು ಔಷಧವೆಂದರೆ ಡಾಕ್ಸೊರುಬಿಸಿನ್. ಇಟಲಿಯ ಕೋಟೆಯೊಂದರ ಬಳಿಯ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯ ವಂಶದಿಂದ ಬಂದದ್ದು. ಪಕ್ಕದ ಏಡ್ರಿಯಾಟಿಕ್ ಸಮುದ್ರದ ನೆನಪಿಗೆ ಏಡ್ರಿಯಮೈಸಿನ್ ಎಂಬ ಹೆಸರೂ ಇದೆ. ಮರುದಿನ ಮೂತ್ರ ಕೆಂಪಾಗುತ್ತದೆ, ಅದು ರಕ್ತವಲ್ಲ, ಹೆದರಬೇಡಿ ಎಂದು ಮೊದಲೇ ಹೇಳುವುದೂ ಶುಶ್ರೂಷೆಯ ಭಾಗವೇ. ಇನ್ನೊಂದು ಔಷಧ ವಿನ್‌ಕ್ರಿಸ್ಟೀನ್. ಇದರ ತವರು ನಮ್ಮ ಅಂಗಳದ ನಿತ್ಯಪುಷ್ಪ, ಅಂದರೆ ಕಾಶಿಕಣಗಿಲೆ. 1963ರಿಂದ ಬಳಕೆಯಲ್ಲಿದೆ.

ಇವೆರಡೂ ಅಭಿಧಮನಿಯಿಂದ ಹೊರಗೆ ಸೋರಿದರೆ ಮಾಂಸವನ್ನೇ ಕೊಳೆಸಬಲ್ಲವು. ಏನು ಮಾಡಬೇಕೆಂಬ ಬಗ್ಗೆ ಬಹುಕಾಲ ಏಕಾಭಿಪ್ರಾಯವಿರಲಿಲ್ಲ. 1985ರಲ್ಲಿ ಅಮೆರಿಕದ ಅರಿಜೋನಾದ ಡಾರ್ ಮತ್ತು ಆಲ್ಬರ್ಟ್ಸ್ ಇಲಿಗಳ ಚರ್ಮದ ಮೇಲೆ ಪ್ರಯೋಗ ಮಾಡಿದರು. ಡಾಕ್ಸೊರುಬಿಸಿನ್‌ಗೆ ತಂಪು ರಕ್ಷಣೆ ಕೊಟ್ಟಿತು, ಶಾಖ ಹುಣ್ಣನ್ನು ಹೆಚ್ಚಿಸಿತು. ನಿತ್ಯಪುಷ್ಪದ ಔಷಧಗಳಿಗೆ ಫಲಿತಾಂಶ ಇದಕ್ಕೆ ವಿರುದ್ಧ!

ಕಾರಣ ಹೀಗೆ ವಿವರಿಸುತ್ತಾರೆ. ಡಾಕ್ಸೊರುಬಿಸಿನ್ ಕೋಶದ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಕೋಶ ಸತ್ತಾಗ ಬಿಡುಗಡೆಯಾಗಿ ನೆರೆಯ ಕೋಶವನ್ನು ಹಿಡಿಯುತ್ತದೆ. ಹರಡಿದಷ್ಟೂ ಹಾನಿ ಹೆಚ್ಚು. ತಂಪಿನಿಂದ ರಕ್ತನಾಳಗಳು ಸಂಕುಚಿಸುತ್ತವೆ, ಕೋಶಗಳು ಔಷಧವನ್ನು ಹೀರುವ ವೇಗ ಇಳಿಯುತ್ತದೆ, ಶತ್ರು ಒಂದೇ ಜಾಗದಲ್ಲಿ ಉಳಿಯುತ್ತಾನೆ. ವಿನ್‌ಕ್ರಿಸ್ಟೀನ್ ಹಾಗೆ ಡಿಎನ್‌ಎಗೆ ಅಂಟುವುದಿಲ್ಲ. ಶಾಖ ಕೊಟ್ಟು ರಕ್ತದ ಹರಿವನ್ನು ಹೆಚ್ಚಿಸಿದರೆ ಅದು ದುರ್ಬಲಗೊಂಡು ತೊಳೆದುಹೋಗುತ್ತದೆ. ಉಷ್ಣತೆ ಏರಿದರೆ ವಿಸರಣ ಹೆಚ್ಚುತ್ತದೆ ಎಂಬ ಒಂದೇ ಸತ್ಯ ಒಂದು ಕಡೆ ಮದ್ದು, ಇನ್ನೊಂದು ಕಡೆ ವಿಷ. 2007ರಲ್ಲಿ ಅಮೆರಿಕದಲ್ಲಿ ಡಾಕ್ಸೊರುಬಿಸಿನ್ ಸೋರಿಕೆಗೆ ಡೆಕ್ಸ್‌ರಜೋಕ್ಸೇನ್ ಎಂಬ ಪ್ರತ್ಯೌಷಧಕ್ಕೂ ಅನುಮೋದನೆ ಸಿಕ್ಕಿತು. ಆದರೆ ಮೊದಲ ನಿಮಿಷಗಳಲ್ಲಿ ಕೈಗೆ ಸಿಗುವುದು ಐಸೇ.

ಐಸಿನ ಇನ್ನೊಂದು ಉಪಯೋಗ ಬಾಯಿಗೆ. 5-ಫ್ಲೂರೋಯುರಾಸಿಲ್ ಔಷಧವನ್ನು ಒಮ್ಮೆಗೇ ಚುಚ್ಚಿದಾಗ ರಕ್ತದಲ್ಲಿ ಅದರ ಅರ್ಧಾಯು 10ರಿಂದ 20 ನಿಮಿಷ ಮಾತ್ರ. 15 ನಿಮಿಷ ಎಂದಿಟ್ಟುಕೊಂಡರೆ ಅರ್ಧ ಗಂಟೆಯಲ್ಲಿ ಕಾಲು ಭಾಗಕ್ಕೆ ಇಳಿಯುತ್ತದೆ. ಆ ಅರ್ಧ ಗಂಟೆ ಬಾಯಿಗೆ ಹರಿಯುವ ರಕ್ತವನ್ನು ಕಡಿಮೆ ಮಾಡಿದರೆ? ಐಸ್ ಚೂರುಗಳನ್ನು 30 ನಿಮಿಷ ಬಾಯಲ್ಲಿ ಇಟ್ಟುಕೊಂಡವರಲ್ಲಿ ಹುಣ್ಣು ಗಣನೀಯವಾಗಿ ಕಡಿಮೆ ಎಂದು 1991ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ತಣ್ಣೀರು ಸಾಲದೆ ಎಂದು ನಿಮ್ಮ ವಿದ್ಯಾರ್ಥಿಗಳು ಕೇಳಿದರೆ ಈ ಲೆಕ್ಕ ಕೊಡಿ. 0 ಡಿಗ್ರಿಯ 20 ಗ್ರಾಂ ನೀರು 37 ಡಿಗ್ರಿಗೆ ಬಿಸಿಯಾಗಲು ಬಾಯಿಯಿಂದ ಹೀರುವ ಶಾಖ ಸುಮಾರು 3100 ಜೂಲ್. ಅಷ್ಟೇ ಐಸ್ ಆದರೆ ಕರಗಲು ಬೇಕಾದ ಗುಪ್ತೋಷ್ಣ 20 × 334, ಅಂದರೆ 6680 ಜೂಲ್ ಸೇರಿ ಸುಮಾರು 9800 ಜೂಲ್. ಮೂರು ಪಟ್ಟು! ನೆತ್ತಿಯನ್ನು ತಂಪಾಗಿಸಿ ಕೂದಲು ಉಳಿಸುವ ಪ್ರಯತ್ನದಲ್ಲಿಯೂ ಇದೇ ತತ್ತ್ವವಿದೆ. 1970ರ ದಶಕದಲ್ಲಿ ಐಸ್ ಚೀಲ ಕಟ್ಟಿ ಆರಂಭವಾದುದು, 2015ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಯಂತ್ರದ ಟೋಪಿಯಾಗಿ ಬೆಳೆಯಿತು.

ಹಾಗೆಂದು ಎಲ್ಲರಿಗೂ ಐಸ್ ಕೊಡುವಂತಿಲ್ಲ. ದೊಡ್ಡಕರುಳಿನ ಕ್ಯಾನ್ಸರಿಗೆ 5-ಫ್ಲೂರೋಯುರಾಸಿಲ್ ಜೊತೆಗೆ ಆಕ್ಸಾಲಿಪ್ಲಾಟಿನ್ ಕೊಟ್ಟಾಗ ನರಗಳು ತಂಪನ್ನು ಸಹಿಸುವುದಿಲ್ಲ. ತಣ್ಣೀರು ಕುಡಿದರೂ ಗಂಟಲು ಕಟ್ಟಿ ಉಸಿರು ನಿಂತಂತೆ ಅನಿಸುತ್ತದೆ. ಫ್ರಿಜ್ಜಿನ ಬಾಗಿಲು ಹಿಡಿದರೆ ಬೆರಳು ಜುಮ್ಮೆನ್ನುತ್ತದೆ. ಪಟ್ಟಿ ಕಪಾಟಿನ ಮೇಲೆ ಇರಬೇಕಾದುದು ಇದಕ್ಕೇ.

ಪಟ್ಟಿ ಬರೆದವರು

ಅಮೆರಿಕದ ಟೆಕ್ಸಸ್‌ನಲ್ಲಿರುವ ಎಂ.ಡಿ. ಆಂಡರ್ಸನ್ ಆಸ್ಪತ್ರೆಗೆ 1955ರಲ್ಲಿ ಶುಶ್ರೂಷಾ ನಿರ್ದೇಶಕಿಯಾಗಿ ಬಂದ ರೆನಿಲ್ಡಾ ಹಿಲ್ಕೆಮೆಯರ್ ಕ್ಯಾನ್ಸರ್ ಶುಶ್ರೂಷೆಯನ್ನು ಪ್ರತ್ಯೇಕ ವಿದ್ಯೆಯಾಗಿ ಬೆಳೆಸಿದವರಲ್ಲಿ ಪ್ರಮುಖರು. 1975ರಲ್ಲಿ ಅಲ್ಲಿನ ಕ್ಯಾನ್ಸರ್ ದಾದಿಯರು ತಮ್ಮದೇ ಸಂಘ ಕಟ್ಟಿಕೊಂಡರು. ಆದರೆ ಅವರೇ ಅಪಾಯದಲ್ಲಿದ್ದುದು ಆಗ ಗೊತ್ತಿರಲಿಲ್ಲ. 1979ರಲ್ಲಿ ಫಿನ್ಲೆಂಡಿನ ಸಂಶೋಧಕರು, ಈ ಔಷಧಗಳನ್ನು ಬೆರೆಸಿ ಚುಚ್ಚುವ ದಾದಿಯರ ಮೂತ್ರದಲ್ಲಿ ಜೀನ್ ಬದಲಾವಣೆ ಉಂಟುಮಾಡುವ ಗುಣವಿದೆ ಎಂದು ತೋರಿಸಿದರು. ತೆರೆದ ಮೇಜಿನ ಮೇಲೆ, ಬರಿಗೈಯಲ್ಲಿ, ಮುಖದ ಹತ್ತಿರ ಸಿರಿಂಜ್ ಹಿಡಿದು ಬೆರೆಸುತ್ತಿದ್ದ ಕಾಲ ಅದು. ಕೈಗವಸು, ಮೇಲಂಗಿ, ಗಾಳಿಯನ್ನು ಸೋಸುವ ಕಪಾಟು ಆಮೇಲೆ ಬಂದವು. ಸಣ್ಣ ಊರುಗಳ ಆಸ್ಪತ್ರೆಗಳಲ್ಲಿ ಅಂತಹ ಕಪಾಟು ಇದೆಯೇ ಎಂದು ರೋಗಿಯ ಕಡೆಯವರು ಕೇಳುವುದರಲ್ಲಿ ತಪ್ಪಿಲ್ಲ ಎಂದು ನನ್ನ ಅಭಿಪ್ರಾಯ.

ಕರ್ನಾಟಕದಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆ 1973ರಲ್ಲಿ ಆರಂಭವಾಗಿ, 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಮೈಸೂರಿನಿಂದ 140 ಕಿಲೋಮೀಟರ್. ವಾಂತಿಯಾಗುವ ರೋಗಿಯನ್ನು ಕೂರಿಸಿಕೊಂಡು ಅಷ್ಟು ದೂರ ಬಸ್ಸಿನಲ್ಲಿ ಹಿಂದಿರುಗಿದ ಕುಟುಂಬಗಳು ಎಷ್ಟೋ. ನಮ್ಮ ನಗರದಲ್ಲಿಯೇ ಕ್ಯಾನ್ಸರ್ ಆಸ್ಪತ್ರೆಗಳು ಬಂದ ಮೇಲೆ ಆ ಪ್ರಯಾಣ ಹಲವರಿಗೆ ತಪ್ಪಿದೆ. ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದಿದ ಲೇಖಕಿ ಡಾ. ಅನುಪಮಾ ನಿರಂಜನ, ಆರೋಗ್ಯದ ವಿಷಯಗಳನ್ನು ಕನ್ನಡದ ಹೆಣ್ಣುಮಕ್ಕಳಿಗೆ ಮುಜುಗರವಿಲ್ಲದೆ ತಿಳಿಸಿದವರು, 1991ರಲ್ಲಿ ಕ್ಯಾನ್ಸರಿನಿಂದಲೇ ತೀರಿಕೊಂಡರು. ಆನ್‌ಡಾನ್ಸೆಟ್ರಾನ್ ಮತ್ತು ಫಿಲ್ಗ್ರಾಸ್ಟಿಮ್ ಅಮೆರಿಕದ ಅಂಗಡಿಗೆ ಬಂದ ವರ್ಷವೂ ಅದೇ.

ಅಕ್ಕ ಈಗ ಎಪ್ಪತ್ತರ ಹತ್ತಿರ ಇದ್ದಾಳೆ. ಎಡಗೈಯ ಹಿಂಭಾಗದಲ್ಲಿ ಎಂಟಾಣೆ ನಾಣ್ಯದಷ್ಟು ಕಂದು ಕಲೆ ಉಳಿದಿದೆ. ಐಸನ್ನು ಎರಡು ದಿನ, ದಿನಕ್ಕೆ ನಾಲ್ಕು ಸಲ, ಇಪ್ಪತ್ತು ನಿಮಿಷ ಇಟ್ಟಿದ್ದೆವು. ರಾತ್ರಿ ಪಾಳಿಯ ದಾದಿ ಗಡಿಯಾರ ನೋಡಿ ನನ್ನನ್ನು ಎಬ್ಬಿಸುತ್ತಿದ್ದಳು.